ದೊಡ್ಡ ಟ್ರೈಲರ್‌ಗೆ ದೊಡ್ಡ ಟ್ರ್ಯಾಕ್ಟರ್: ಕೊಳ್ಳುವ ಮುನ್ನ ಇಳಿಜಾರಿನ ಲೆಕ್ಕ ಹಾಕಿ

ಮೇಲುಕೋಟೆ: ಕಬ್ಬಿನ ಕಟಾವು ಶುರುವಾಯ್ತು ಅಂದರೆ ಪಾಂಡವಪುರ, ಕೆ.ಆರ್.ಪೇಟೆ, ಶ್ರೀರಂಗಪಟ್ಟಣ ಸುತ್ತಮುತ್ತ ಟೀ ಅಂಗಡಿ ಮುಂದೆ ಒಂದು ಚರ್ಚೆ ಇದ್ದೇ ಇರುತ್ತದೆ. ಈಗಿರೋ 39 ಎಚ್‌ಪಿ ಟ್ರ್ಯಾಕ್ಟರ್ ಕೊಟ್ಟು 50 ಎಚ್‌ಪಿ ತಗೊಳ್ಳೋದಾ? ತಗೊಂಡ್ರೆ ಯಾವ ಕಂಪನಿದು? ಪಕ್ಕದ ಊರಿನವನು 55 ಎಚ್‌ಪಿ ತಂದವ್ನೆ, ಹತ್ತು ಟನ್ ಕಬ್ಬು ಹೇರಿದ್ರೂ ಗಾಡಿ ಅಲ್ಲಾಡಲ್ವಂತೆ!

ಶೋರೂಮ್‌ನಲ್ಲೂ ಮಾತು ಇದೇ. ಎಷ್ಟು ಎಚ್‌ಪಿ, ಎಷ್ಟು ಎಳೆಯುತ್ತೆ, ಲೀಟರ್‌ಗೆ ಎಷ್ಟು ಕೊಡುತ್ತೆ. ಎಳೆದ ಮೇಲೆ ಹೇಗೆ ನಿಲ್ಲುತ್ತೆ ಅಂತ ಕೇಳುವವರು ಕಡಿಮೆ, ಹೇಳುವವರು ಇನ್ನೂ ಕಡಿಮೆ. ಮೇಲುಕೋಟೆ ಬೆಟ್ಟದಿಂದ ಜಕ್ಕನಹಳ್ಳಿ ಕಡೆಗೆ ಭರ್ತಿ ಟ್ರೈಲರ್ ಇಳಿಸಿಕೊಂಡು ಬಂದ ಚಾಲಕರಿಗೆ ಇದು ಗೊತ್ತಿರುವ ವಿಷಯ. ಏರು ಹತ್ತುವಾಗ ಆಗುವ ಕಷ್ಟ ಬೇರೆ, ಇಳಿಯುವಾಗ ಆಗುವ ಭಯ ಬೇರೆ.

ಹೆಚ್ಚುವರಿ ಹತ್ತು ಎಚ್‌ಪಿಗೆ ಲಕ್ಷಗಟ್ಟಲೆ ಸಾಲ ಮಾಡುವ ಮೊದಲು ಆ ಹತ್ತು ಎಚ್‌ಪಿ ಏನು ಕೊಡುತ್ತೆ, ಏನು ಕೊಡಲ್ಲ ಅನ್ನೋದನ್ನು ತಿಳಿದುಕೊಂಡರೆ ಒಳ್ಳೆಯದು.

ಪಿಕಪ್‌ಗೆ ಟ್ರೈಲರ್ ಕಟ್ಟಬಹುದಾ?

ಅಂಗಡಿಯವರು ಆಗಾಗ ಕೇಳುವ ಪ್ರಶ್ನೆ ಇದು. ಮೊಬೈಲ್‌ನಲ್ಲಿ ಅಮೆರಿಕದ ವಿಡಿಯೊ ನೋಡಿದವರಿಗೆ ಅನುಮಾನ ಬರೋದು ಸಹಜ. ಅಲ್ಲಿ ದೊಡ್ಡ ದೊಡ್ಡ ಪಿಕಪ್‌ಗಳು ದನದ ಟ್ರೈಲರ್, ದೋಣಿ, ಮನೆಯಂಥ ಗಾಡಿಯನ್ನೇ ಎಳೆದುಕೊಂಡು ಹೋಗುತ್ತವೆ. ಅಲ್ಲಿನ ಪಿಕಪ್‌ಗಳನ್ನು ತಯಾರಿಸುವುದೇ ಎಳೆಯುವ ಲೆಕ್ಕದಲ್ಲಿ. ಗಾಡಿ, ಟ್ರೈಲರ್, ಸರಕು ಎಲ್ಲ ಸೇರಿ ಎಷ್ಟು ತೂಕ ಮೀರಬಾರದು ಎಂದು ಕಂಪನಿಯೇ ಬರೆದುಕೊಡುತ್ತದೆ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಸುಮಾರು 1,360 ಕೆ.ಜಿ ದಾಟಿದ ಟ್ರೈಲರ್‌ಗೆ ಅದರದ್ದೇ ಬ್ರೇಕ್ ಇರಲೇಬೇಕು. ಪಿಕಪ್ ಬ್ರೇಕ್ ಒತ್ತಿದರೆ ಟ್ರೈಲರ್ ಚಕ್ರವೂ ಹಿಡಿಯುತ್ತದೆ. ವಿಡಿಯೊದಲ್ಲಿ ಈ ಭಾಗ ಕಾಣಿಸಲ್ಲ.

ನಮ್ಮಲ್ಲಿ ಓಡುವ ಬೊಲೆರೊ ಪಿಕಪ್, ದೋಸ್ತ್, ಯೋಧ ಇವೆಲ್ಲ ಬೆನ್ನ ಮೇಲೆ ಹೊರುವ ಗಾಡಿಗಳು. ವೆಲ್ಡಿಂಗ್ ಅಂಗಡಿಯಲ್ಲಿ ಹಿಂದೆ ಒಂದು ಹುಕ್ಕು ಹಾಕಿಸಿ ಟ್ರೈಲರ್ ಸಿಕ್ಕಿಸಿದರೆ ಅದು ಕಂಪನಿ ಕೊಟ್ಟ ಗಾಡಿ ಆಗಿ ಉಳಿಯಲ್ಲ. ಆರ್‌ಸಿಯಲ್ಲಿ ಇರುವುದಕ್ಕೂ ರಸ್ತೆಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ನೋಡುವುದೂ ಇದನ್ನೇ.

ಅಂಗಡಿಗೆ ಅಕ್ಕಿ, ಸಿಮೆಂಟ್, ಎಣ್ಣೆ ಡಬ್ಬ ತರುವವರಿಗೆ ಟ್ರೈಲರ್‌ನ ಅಗತ್ಯವೂ ಇಲ್ಲ. ಒಂದೂಮುಕ್ಕಾಲು, ಎರಡು ಟನ್ ಹೊರುವ ಪಿಕಪ್‌ಗಳು ಈಗ ಸಿಗುತ್ತವೆ. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಗಾಡಿಯ ಒಟ್ಟು ತೂಕ, ಅಂದರೆ ಗಾಡಿ ಮತ್ತು ಸರಕು ಸೇರಿ, 3,000 ಕೆ.ಜಿ ಒಳಗಿದ್ದರೆ ಕಾಯ್ದೆ ಪ್ರಕಾರ ಗೂಡ್ಸ್ ಪರ್ಮಿಟ್ ಬೇಕಿಲ್ಲ, ಅದರ ಮೇಲಿದ್ದರೆ ಬೇಕು. ಚಿಕ್ಕ ಗಾಡಿಯಿಂದ ದೊಡ್ಡ ಪಿಕಪ್‌ಗೆ ಹೋಗುವವರು ಇದನ್ನು ಮರೆತು ಆಮೇಲೆ ಆರ್‌ಟಿಒ ಕಚೇರಿಗೆ ಅಲೆಯುತ್ತಾರೆ.

ಹಾಗಾಗಿ ನಮ್ಮ ಕಡೆ ‘ದೊಡ್ಡ ಟ್ರೈಲರ್ ಎಳೆಯುವ ದೊಡ್ಡ ಗಾಡಿ’ ಅಂದರೆ ಟ್ರ್ಯಾಕ್ಟರ್ರೇ.

ಹತ್ತು ಎಚ್‌ಪಿ ಜಾಸ್ತಿ ಆದ್ರೆ ಎಷ್ಟು ನಿಮಿಷ ಉಳಿಯುತ್ತೆ?

ಒಂದು ಲೆಕ್ಕ ಹಾಕಿ ನೋಡಿ. ಟ್ರ್ಯಾಕ್ಟರ್ 2 ಟನ್, ಖಾಲಿ ಟ್ರೈಲರ್ 2 ಟನ್, ಕಬ್ಬು 8 ಟನ್ ಅಂತ ಇಟ್ಟುಕೊಳ್ಳಿ. ಒಟ್ಟು 12 ಟನ್. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಇಷ್ಟನ್ನು ಎಳೆಯೋಕೆ ಸುಮಾರು 300 ಕೆ.ಜಿ ಬಲ ಸಾಕು. ಗಂಟೆಗೆ 25 ಕಿ.ಮೀ ವೇಗದಲ್ಲಿ ಹೋಗಲು ಚಕ್ರದ ಹತ್ತಿರ 28 ಎಚ್‌ಪಿ ತಲುಪಿದರೆ ಆಯ್ತು. ಎಂಜಿನ್‌ನಲ್ಲಿ ಹುಟ್ಟಿದ್ದರಲ್ಲಿ ನೂರಕ್ಕೆ ಎಂಬತ್ತು ಭಾಗ ಚಕ್ರಕ್ಕೆ ಸೇರುತ್ತೆ ಅಂದುಕೊಂಡರೂ 40 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್ ಈ ಕೆಲಸ ಮಾಡುತ್ತದೆ. ವಿಶ್ವೇಶ್ವರಯ್ಯ ನಾಲೆ ಬಯಲಿನ ಸಮ ರಸ್ತೆಗಳಲ್ಲಿ ಹಳೇ ಟ್ರ್ಯಾಕ್ಟರ್‌ಗಳು ಇವತ್ತಿಗೂ ಕಬ್ಬು ಹೊಡೆಯುತ್ತಿರುವುದು ಇದಕ್ಕೇ.

ಈಗ ದಿಬ್ಬಕ್ಕೆ ಬನ್ನಿ. 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ರಸ್ತೆ ಅಂದುಕೊಳ್ಳಿ. ಅದೇ 12 ಟನ್‌ನ ಹನ್ನೆರಡನೇ ಒಂದು ಭಾಗ, ಅಂದರೆ ಒಂದು ಟನ್, ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಹಿಂದಿನ 300 ಸೇರಿಸಿದರೆ 1,300 ಕೆ.ಜಿ. 42 ಎಚ್‌ಪಿ ಟ್ರ್ಯಾಕ್ಟರ್ ಇದನ್ನು ಗಂಟೆಗೆ 7 ಕಿ.ಮೀ ವೇಗದಲ್ಲಿ ಹತ್ತಿಸುತ್ತದೆ. 50 ಎಚ್‌ಪಿಯದ್ದು 8 ಕಿ.ಮೀಗಿಂತ ಚೂರು ಜಾಸ್ತಿ. ಇಂಥ ಏರು ಎರಡು ಕಿಲೋಮೀಟರ್ ಇದ್ದರೂ ಇಬ್ಬರ ನಡುವಿನ ವ್ಯತ್ಯಾಸ ಮೂರು ನಿಮಿಷ ಬರಲ್ಲ.

ಮೂರು ನಿಮಿಷ ಉಳಿಸಿ ಕಾರ್ಖಾನೆಗೆ ಹೋದವರು ಅಲ್ಲೇನು ಮಾಡುತ್ತಾರೆ? ಯಾರ್ಡ್‌ನಲ್ಲಿ ಸಾಲು ನಿಲ್ಲುತ್ತಾರೆ. ಪಾಂಡವಪುರದ ಸಹಕಾರಿ ಕಾರ್ಖಾನೆ ಇರಲಿ, ಮಾಕವಳ್ಳಿ ಇರಲಿ, ಮಂಡ್ಯದ ಮೈಷುಗರ್ ಇರಲಿ, ಹಂಗಾಮಿನ ನಡುವೆ ತೂಕಕ್ಕೆ ಮತ್ತು ಇಳಿಸೋದಕ್ಕೆ ಗಂಟೆಗಟ್ಟಲೆ ಕಾಯೋದು ಗೊತ್ತೇ ಇದೆ. ಟ್ರಿಪ್ ಎಷ್ಟಾಗುತ್ತೆ ಅನ್ನೋದನ್ನು ತೀರ್ಮಾನ ಮಾಡುವುದು ಆ ಸಾಲು. ಟ್ರ್ಯಾಕ್ಟರ್ ವೇಗ ಜಾಸ್ತಿಯಾದರೆ ಟ್ರಿಪ್ ಜಾಸ್ತಿಯಾಗುತ್ತೆ, ಕಂತು ತಾನಾಗೇ ಕಟ್ಟಬಹುದು ಅಂತ ಲೆಕ್ಕ ಹಾಕಿದವರು ಜನವರಿ ಹೊತ್ತಿಗೆ ತಲೆ ಕೆರೆದುಕೊಳ್ಳುತ್ತಾರೆ.

ಮುಂದಿನ ಚಕ್ರ ಏಕೆ ಎದ್ದು ನಿಲ್ಲುತ್ತೆ

ಏರಿನಲ್ಲಿ ಟ್ರ್ಯಾಕ್ಟರ್ ಮೂತಿ ಮೇಲೆತ್ತುವುದನ್ನು ನೋಡದವರು ಈ ಭಾಗದಲ್ಲಿ ಇರಲಿಕ್ಕಿಲ್ಲ. ಎಂಜಿನ್‌ಗೆ ಶಕ್ತಿ ಸಾಲದೆ ಹೀಗಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಶಕ್ತಿ ಸಾಲದಿದ್ದರೆ ಎಂಜಿನ್ ಆಫ್ ಆಗುತ್ತೆ ಅಷ್ಟೆ. ಮೂತಿ ಏಳುವುದು ತೂಕ ಸಾಲದೆ.

ಹಿಂದಿನ ಚಕ್ರಕ್ಕೆ ನೆಲದ ಹಿಡಿತ ಸಿಗುವುದು ಅದರ ಮೇಲೆ ಎಷ್ಟು ಭಾರ ಕೂತಿದೆ ಅನ್ನುವುದರ ಮೇಲೆ. ಒಣ ಡಾಂಬರಿನಲ್ಲಿ ಭಾರದ ನೂರಕ್ಕೆ ಎಪ್ಪತ್ತರಷ್ಟು ಹಿಡಿತ ಸಿಕ್ಕರೆ ಹೆಚ್ಚು. 2 ಟನ್ ಟ್ರ್ಯಾಕ್ಟರ್‌ನ ಎಲ್ಲ ಭಾರವೂ ಹಿಂದಕ್ಕೇ ಬಂದು ಕೂತರೂ ಹಿಡಿತ 1,400 ಕೆ.ಜಿ. ನಮ್ಮ ದಿಬ್ಬಕ್ಕೆ ಬೇಕಾದದ್ದು 1,300. ಅಂದರೆ ಮುಂದಿನ ಚಕ್ರ ನೆಲ ಬಿಡುವುದಕ್ಕೆ ಕೂದಲೆಳೆ ಬಾಕಿ. ಮುಂದಿನ ಚಕ್ರ ನೆಲದಲ್ಲಿಲ್ಲ ಅಂದರೆ ಸ್ಟೇರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಮಳೆ ಬಿದ್ದು ಕೆಸರಾದ ತಿರುವಿನಲ್ಲಿ ಹಿಂದಿನ ಚಕ್ರ ತಿರುಗುತ್ತೆ, ಗಾಡಿ ಹಿಂದಕ್ಕೆ ಜಾರುತ್ತೆ.

ಇಲ್ಲಿ ಎಚ್‌ಪಿ ಕೆಲಸಕ್ಕೆ ಬರಲ್ಲ, ತೂಕ ಬರುತ್ತೆ. 39ರಿಂದ 42 ಎಚ್‌ಪಿ ವರ್ಗದ ಟ್ರ್ಯಾಕ್ಟರ್‌ಗಳು ಸಾಮಾನ್ಯವಾಗಿ 1,800 ಕೆ.ಜಿ ಆಸುಪಾಸು ಇರುತ್ತವೆ. 50ರಿಂದ 55 ಎಚ್‌ಪಿಯವು 2,000 ದಾಟುತ್ತವೆ, ಕೆಲವು 2,300–2,400ಕ್ಕೆ ಹೋಗುತ್ತವೆ. ಹಿಂದಿನ ಟಯರ್ ಕೂಡ 13.6-28 ಬದಲು 14.9-28 ಅಥವಾ 16.9-28 ಬರುತ್ತದೆ. ದೊಡ್ಡ ಟ್ರ್ಯಾಕ್ಟರ್ ಕೊಂಡವರಿಗೆ ನಿಜವಾಗಿ ಸಿಗುವ ಲಾಭ ಈ ಭಾರ ಮತ್ತು ಟಯರ್. ಅದನ್ನು ಬಿಲ್‌ನಲ್ಲಿ ಎಚ್‌ಪಿ ಅಂತ ಬರೆಯುತ್ತಾರೆ.

ಭಾರವನ್ನು ಕಡಿಮೆ ಖರ್ಚಿನಲ್ಲೂ ಸೇರಿಸಬಹುದು. ಮೂತಿಗೆ ಕಂಪನಿ ವೆಯ್ಟ್ ಹಾಕಿಸಬಹುದು. ಹಿಂದಿನ ಟಯರ್‌ಗೆ ಮುಕ್ಕಾಲು ಭಾಗ ನೀರು ತುಂಬಿಸುವ ಪದ್ಧತಿ ಗದ್ದೆ ಕೆಲಸ ಮಾಡುವವರಿಗೆ ಗೊತ್ತೇ ಇದೆ. ಎಷ್ಟು ಹಾಕಬಹುದು ಅನ್ನುವುದು ಟ್ರ್ಯಾಕ್ಟರ್ ಜತೆ ಕೊಡುವ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕ ಬಹುತೇಕ ಮನೆಗಳಲ್ಲಿ ಪ್ಲಾಸ್ಟಿಕ್ ಕವರ್ ಬಿಚ್ಚದೆ ಬೀರುವಿನಲ್ಲಿರುತ್ತದೆ, ಆ ಮಾತು ಬೇರೆ.

ಫೋರ್ ವೀಲ್ ಡ್ರೈವ್ ಬೇಕಾ ಅಂತ ಕೇಳುವವರಿಗೆ: ಒದ್ದೆ ಗದ್ದೆಯಿಂದ ತುಂಬಿದ ಟ್ರೈಲರ್ ಹೊರಗೆ ತರಬೇಕು ಅನ್ನುವವರಿಗೆ ಬಹಳ ಉಪಯೋಗ. ಒಣ ಡಾಂಬರಿನಲ್ಲಿ ಅದನ್ನು ಹಾಕಿಕೊಂಡೇ ಓಡಿಸಿದರೆ ಮುಂದಿನ ಟಯರ್ ಬೇಗ ಸವೆಯುತ್ತೆ, ಗೇರ್‌ಗಳಿಗೂ ಪೆಟ್ಟು.

ಇಳಿಜಾರಿನ ಲೆಕ್ಕ

ಈಗ ಅದೇ ದಿಬ್ಬವನ್ನು ಇಳಿಯಿರಿ. ಅದೇ ಗಾಡಿ, ಅದೇ 8 ಟನ್ ಕಬ್ಬು. ಟ್ರೈಲರ್ ಮತ್ತು ಕಬ್ಬು ಸೇರಿ 10 ಟನ್. ಚಕ್ರದ ಘರ್ಷಣೆ ಕಳೆದರೂ ಇದು ಹಿಂದಿನಿಂದ ಟ್ರ್ಯಾಕ್ಟರನ್ನು ಸುಮಾರು 580 ಕೆ.ಜಿ ಬಲದಲ್ಲಿ ನೂಕುತ್ತಿರುತ್ತದೆ. ಟ್ರ್ಯಾಕ್ಟರ್‌ನದ್ದೇ ಜಾರುವಿಕೆ ಸೇರಿಸಿದರೆ 700. ಇಷ್ಟನ್ನು ತಡೆದರೆ ವೇಗ ಹೆಚ್ಚಾಗಲ್ಲ, ಅಷ್ಟೆ. ನಿಲ್ಲಬೇಕು ಅಂದರೆ ಇದಕ್ಕಿಂತ ಜಾಸ್ತಿ ಬೇಕು.

ಟ್ರ್ಯಾಕ್ಟರ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು. 2 ಟನ್ ಟ್ರ್ಯಾಕ್ಟರ್‌ನಲ್ಲಿ ಅವುಗಳ ಮೇಲೆ ಸುಮಾರು 1,250 ಕೆ.ಜಿ ಭಾರ. ಒಣ ಡಾಂಬರಿನಲ್ಲಿ ಹಿಡಿತ ಹೆಚ್ಚೆಂದರೆ 870. ಅದರಲ್ಲಿ 700 ನೂಕುವಿಕೆ ತಡೆಯೋದಕ್ಕೇ ಹೋಯ್ತು. ಉಳಿದ 170 ಕೆ.ಜಿಯಲ್ಲಿ 12 ಟನ್ ನಿಲ್ಲಬೇಕು! ಗಂಟೆಗೆ ಬರೀ 20 ಕಿ.ಮೀ ವೇಗದಲ್ಲಿ ಇಳಿಯುತ್ತಿದ್ದರೂ ನಿಲ್ಲೋಕೆ ನೂರು ಮೀಟರ್‌ಗಿಂತ ಜಾಸ್ತಿ ಬೇಕು. ಚಾಲಕ ನೋಡಿ, ಯೋಚಿಸಿ, ಕಾಲಿಡುವ ಹೊತ್ತು ಇದರಲ್ಲಿ ಸೇರಿಲ್ಲ.

ರಸ್ತೆ ಒದ್ದೆಯಾಗಿದ್ದರೆ ಅಥವಾ ಮೇಲೆ ಜಲ್ಲಿ ಮರಳು ಚೆಲ್ಲಿದ್ದರೆ ಹಿಡಿತ 500ಕ್ಕೆ ಇಳಿಯುತ್ತದೆ. ನೂಕುವುದು 700. ಬ್ರೇಕ್ ಮೇಲೆ ನಿಂತುಕೊಂಡರೂ ಗಾಡಿಯ ವೇಗ ಏರುತ್ತಲೇ ಹೋಗುತ್ತದೆ. ಚಕ್ರ ಲಾಕ್ ಆಗಿ ಜಾರುತ್ತದೆ, ತಿರುವಿದ್ದರೆ ಟ್ರೈಲರ್ ಪಕ್ಕಕ್ಕೆ ಬಂದು ಟ್ರ್ಯಾಕ್ಟರನ್ನೇ ಮಡಚಿ ಹಾಕುತ್ತದೆ. ‘ಬ್ರೇಕ್ ಫೇಲ್ ಆಯ್ತು’ ಅಂತ ಆಮೇಲೆ ಹೇಳುತ್ತಾರೆ. ಎಷ್ಟೋ ಸಲ ಬ್ರೇಕ್ ಸರಿಯಾಗೇ ಇರುತ್ತದೆ. ಅದಕ್ಕೆ ಹೊರಿಸಿದ ಕೆಲಸ ಅದರ ಕೈಲಾಗುವಂಥದ್ದಲ್ಲ.

ಈ ನೂರು ಮೀಟರ್ ಕಡಿಮೆ ಮಾಡೋಕೆ ಮೂರು ದಾರಿ ಇವೆ. 2.4 ಟನ್ ತೂಕದ ದೊಡ್ಡ ಟ್ರ್ಯಾಕ್ಟರ್ ತಂದರೆ ಅದೇ ಇಳಿಜಾರಿನಲ್ಲಿ ಸುಮಾರು 60 ಮೀಟರ್‌ಗೆ ನಿಲ್ಲುತ್ತದೆ. ಇದಕ್ಕೆ ಲಕ್ಷಗಟ್ಟಲೆ ಖರ್ಚು. ಹಳೇ ಟ್ರ್ಯಾಕ್ಟರನ್ನೇ ಇಟ್ಟುಕೊಂಡು ಕಬ್ಬು ಎರಡು ಟನ್ ಕಡಿಮೆ ಹೇರಿದರೆ 55 ಮೀಟರ್‌ಗೇ ನಿಲ್ಲುತ್ತದೆ. ಇದಕ್ಕೆ ಖರ್ಚಿಲ್ಲ, ಟ್ರಿಪ್‌ಗೆ ಎರಡು ಟನ್ ಬಾಡಿಗೆ ಕಡಿಮೆ. ಮೂರನೆಯದು, ಟ್ರೈಲರ್‌ನ ಹಿಂದಿನ ಆಕ್ಸಲ್‌ಗೆ ಸರಿಯಾಗಿ ಹಿಡಿಯುವ ಬ್ರೇಕ್ ಕೂರಿಸಿದರೆ ಅದೇ 8 ಟನ್ ಹೊತ್ತ ಗಾಡಿ ಹತ್ತು ಮೀಟರ್ ಆಸುಪಾಸಿಗೆ ನಿಲ್ಲುತ್ತದೆ. ಯಾಕೆಂದರೆ ಭಾರ ಇರುವುದೇ ಟ್ರೈಲರ್ ಮೇಲೆ. ಭಾರ ಇರುವ ಕಡೆಯೇ ಹಿಡಿತ.

ಇದು ಕಾಗದದ ಲೆಕ್ಕ, ಟಯರ್ ಸವೆದಿದ್ದರೆ ಇನ್ನೂ ಕೆಡುತ್ತದೆ. ಆದರೂ ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು ಅನ್ನೋದು ಇದರಲ್ಲಿ ಕಾಣುತ್ತದೆ. ನಮ್ಮೂರ ಟ್ರೈಲರ್‌ಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇಲ್ಲ. ಟ್ರೈಲರ್ ಮಾಡಿಸುವಾಗ ಬಣ್ಣಕ್ಕೆ, ಹೆಸರು ಬರೆಸೋಕೆ, ಹಿಂದಿನ ಬಾಗಿಲಿಗೆ ದೇವರ ಚಿತ್ರ ಬಿಡಿಸೋಕೆ ಕೊಡುವ ಗಮನ ಬ್ರೇಕ್‌ಗೆ ಕೊಡಲ್ಲ. ಟ್ರ್ಯಾಕ್ಟರ್ ಪೆಡಲ್ ಒತ್ತಿದರೆ ಟ್ರೈಲರ್‌ಗೂ ಬ್ರೇಕ್ ಹೋಗುವಂತೆ ಏರ್ ಅಥವಾ ಹೈಡ್ರಾಲಿಕ್ ಲೈನ್ ಕೊಡುವ ಮಾಡೆಲ್‌ಗಳು ಸಿಗುತ್ತವೆ. ಬೆಳಗಾವಿ, ಬಾಗಲಕೋಟೆ ಕಡೆ ಒಂದು ಟ್ರ್ಯಾಕ್ಟರ್‌ಗೆ ಎರಡು ಟ್ರೈಲರ್ ಕಟ್ಟಿ ಕಬ್ಬು ಹೊಡೆಯುವುದನ್ನು ನೋಡಿ ಬಂದು ಇಲ್ಲೂ ಹಾಗೇ ಮಾಡೋಣ ಅನ್ನುವವರು, ಅಲ್ಲಿನ ಬಯಲು ರಸ್ತೆಯನ್ನೂ ನೋಡಿ ಬಂದಿರಬೇಕು. ನಾಗಮಂಗಲ, ಮೇಲುಕೋಟೆ ಕಡೆಯ ಏರಿಳಿತಕ್ಕೆ ಬ್ರೇಕ್ ಇಲ್ಲದ ಎರಡನೇ ಟ್ರೈಲರ್ ಕಟ್ಟುವುದು ಪ್ರಾಣದ ಜತೆ ಆಟ.

ನ್ಯೂಟ್ರಲ್ ಚಾಳಿ

ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವವರು ಇದ್ದಾರೆ. ಉಳಿಯುವುದು ಕೆಲವು ರೂಪಾಯಿ ಡೀಸೆಲ್. ಗೇರ್‌ನಲ್ಲಿದ್ದರೆ ಎಂಜಿನ್ ಗಾಡಿಯನ್ನು ಹಿಡಿದಿಟ್ಟುಕೊಂಡಿರುತ್ತದೆ, ನ್ಯೂಟ್ರಲ್ ಮಾಡಿದರೆ ಆ ಹಿಡಿತ ಹೋಯ್ತು. ಹಳೆಯ ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಗಾಡಿ ಓಡುತ್ತಿರುವಾಗ ಕೆಳಗಿನ ಗೇರ್‌ಗೆ ಹಾಕೋಕೆ ಹೋದರೆ ಕರಕರ ಅನ್ನುತ್ತೆ, ಬೀಳಲ್ಲ. ಹಾಗಾಗಿ ಇಳುಕಲು ಶುರುವಾಗುವ ಮೊದಲೇ ನಿಲ್ಲಿಸಿ, ಯಾವ ಗೇರ್‌ನಲ್ಲಿ ಹತ್ತಬಹುದೋ ಅದೇ ಗೇರ್ ಹಾಕಿಕೊಂಡು ಇಳಿಯಬೇಕು. ಕ್ಲಚ್ ಒತ್ತುವುದೂ ಒಂದೇ, ನ್ಯೂಟ್ರಲ್ ಮಾಡುವುದೂ ಒಂದೇ. ಹೊಸದು ಕೊಳ್ಳುವವರು ಗೇರ್‌ಬಾಕ್ಸ್ ಯಾವುದು ಅಂತ ಕೇಳಲೇಬೇಕು. ಹಳೇ ಮಾದರಿಯ ಸ್ಲೈಡಿಂಗ್ ಮೆಶ್‌ಗಿಂತ ಕಾನ್ಸ್ಟೆಂಟ್ ಮೆಶ್, ಅದಕ್ಕಿಂತ ಸಿಂಕ್ರೋ ಇರುವುದು ರಸ್ತೆ ಕೆಲಸಕ್ಕೆ ಮೇಲು. ಬ್ರೇಕ್ ಆಯಿಲ್‌ನಲ್ಲಿ ಮುಳುಗಿರುವಂಥದ್ದೇ ಇರಲಿ. ಒಣ ಡಿಸ್ಕ್‌ಗೆ ಹೋಲಿಸಿದರೆ ಬಿಸಿ ತಡೆಯುತ್ತೆ, ಕೆಸರು ನೀರು ಒಳಗೆ ಹೋಗಲ್ಲ.

ಇನ್ನೊಂದು, ದುಡ್ಡು ಬೇಡದ ಕೆಲಸ. ಟ್ರ್ಯಾಕ್ಟರ್‌ನಲ್ಲಿ ಬ್ರೇಕ್ ಪೆಡಲ್ ಎರಡಿರುತ್ತವೆ. ಗದ್ದೆಯಲ್ಲಿ ತಿರುಗಿಸುವಾಗ ಒಂದೇ ಕಡೆ ಹಿಡಿಯೋಕೆ ಅನುಕೂಲವಾಗಲಿ ಅಂತ. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸುವ ಕೊಂಡಿ ಹಾಕಬೇಕು. ಮರೆತು ಒಂದೇ ಪೆಡಲ್ ಒತ್ತಿದರೆ ಒಂದು ಕಡೆ ಚಕ್ರ ಮಾತ್ರ ನಿಂತು ಟ್ರ್ಯಾಕ್ಟರ್ ತಿರುಗಿ ಬೀಳುತ್ತದೆ. ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಆ ಕೊಂಡಿ ತುಕ್ಕು ಹಿಡಿದು ಕಿತ್ತುಹೋಗಿರುತ್ತದೆ.

ನೀರಿನ ಟ್ಯಾಂಕರ್ ಎಳೆಯುವವರಿಗೆ ಒಂದು ಮಾತು ಹೆಚ್ಚು. ವೈರಮುಡಿ ಸಮಯದಲ್ಲಿ, ಬೇಸಿಗೆಯಲ್ಲಿ ಟ್ಯಾಂಕರ್‌ಗಳ ಓಡಾಟ ಜಾಸ್ತಿ. ತುಂಬಿದ ಟ್ಯಾಂಕರ್‌ಗಿಂತ ಅರ್ಧ ತುಂಬಿದ್ದು ಒಮ್ಮೊಮ್ಮೆ ಹೆಚ್ಚು ಅಪಾಯ. ಬ್ರೇಕ್ ಹಿಡಿದಾಗ ಒಳಗಿನ ನೀರು ಮುಂದಕ್ಕೆ ನುಗ್ಗಿ ಗುದ್ದುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಟ್ಯಾಂಕ್ ಒಳಗೆ ಅಡ್ಡ ತಗಡು ಹಾಕಿದ್ದಾರಾ ಅಂತ ಕೊಳ್ಳುವಾಗಲೇ ನೋಡಬೇಕು.

50 ಎಚ್‌ಪಿ ಗೆರೆ

ಶೋರೂಮ್‌ನಲ್ಲಿ ‘49.9 ಎಚ್‌ಪಿ’ ಅಂತ ಬರೆದಿರುವುದನ್ನು ನೋಡಿ ನಕ್ಕವರು ಇದ್ದಾರೆ. ಅದಕ್ಕೆ ಕಾರಣ ಇದೆ. 2023ರ ಜನವರಿ 1ರಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಎಂಬ ಹೊಗೆ ನಿಯಮ ಬಂತು. ಅದನ್ನು ಪಾಲಿಸೋಕೆ ಕಂಪನಿಗಳು ಕಂಪ್ಯೂಟರ್ ಹಿಡಿತದ ಕಾಮನ್ ರೈಲ್ ಎಂಜಿನ್ ಕೊಡಬೇಕಾಯಿತು, ಬೆಲೆ ಏರಿತು. ಗೆರೆಯ ಕೆಳಗೆ ಉಳಿದವು ಹಳೇ ರೀತಿಯ ಪಂಪಿನಲ್ಲೇ ಓಡುತ್ತಿವೆ. ಹೊಸ ಎಂಜಿನ್ ಕೆಟ್ಟದ್ದೇನಲ್ಲ, ಡೀಸೆಲ್ ಹಿತವಾಗಿ ಉರಿಸುತ್ತೆ. ಆದರೆ ಹಂಗಾಮಿನ ನಡುವೆ ಸೆನ್ಸರ್ ಕೈಕೊಟ್ಟರೆ ಊರಿನ ಮೆಕ್ಯಾನಿಕ್ ಸ್ಪಾನರ್ ಹಿಡಿದು ಮಾಡುವ ಕೆಲಸ ಅದಲ್ಲ. ಸರ್ವಿಸ್ ಸೆಂಟರ್ ಎಷ್ಟು ದೂರ, ಹೊಲಕ್ಕೇ ಬರುತ್ತಾರಾ ಅಂತ ಕೇಳಿಕೊಂಡು ಗೆರೆ ದಾಟಿ.

ಬೆಲೆ ವಿಷಯ ಬಂದಿದ್ದಕ್ಕೆ, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಟ್ರ್ಯಾಕ್ಟರ್ ಟಯರ್ ಶೇ 18ರಿಂದ 5ಕ್ಕೆ, ಸರಕು ಪಿಕಪ್‌ಗಳು ಶೇ 28ರಿಂದ 18ಕ್ಕೆ ಬಂದಿವೆ. ಬಿಲ್ ಕೈಗೆ ಬಂದಾಗ ತೆರಿಗೆ ಸಾಲು ನೋಡಿ.

ಯಾರಿಗೆ ಬೇಕಿಲ್ಲ ಅನ್ನೋದನ್ನೂ ಹೇಳಬೇಕು. ಐದಾರು ಕಿಲೋಮೀಟರ್ ಒಳಗಿನ ಆಲೆಮನೆಗೆ ಕಬ್ಬು ಹೊಡೆಯುವವರಿಗೆ, ವರ್ಷದಲ್ಲಿ ತಿಂಗಳೊಪ್ಪತ್ತು ಮಾತ್ರ ಟ್ರೈಲರ್ ಕಟ್ಟುವವರಿಗೆ 39–42 ಎಚ್‌ಪಿ ಧಾರಾಳ ಸಾಕು. ದೊಡ್ಡ ಟ್ರ್ಯಾಕ್ಟರ್ ಚಿಕ್ಕ ತಾಕುಗಳಲ್ಲಿ ತಿರುಗೋದೂ ಕಷ್ಟ, ನಿಂತಲ್ಲೇ ನಿಂತರೂ ಕಂತು ನಿಲ್ಲಲ್ಲ. ವರ್ಷಕ್ಕೆ ನಾಲ್ಕೈದು ತಿಂಗಳು ದೂರದ ಕಾರ್ಖಾನೆಗೆ ಬಾಡಿಗೆ ಹೊಡೆಯುವವರು, ಜಲ್ಲಿ, ಎಂ-ಸ್ಯಾಂಡ್, ಕಲ್ಲು ಬೆಟ್ಟಕ್ಕೆ ಸಾಗಿಸುವವರು ಭಾರದ ಟ್ರ್ಯಾಕ್ಟರ್ ತಗೊಳ್ಳುವುದೇ ಸರಿ.

ಕಾಗದ ಪತ್ರ

ಟ್ರೈಲರ್‌ಗೆ ಅದರದ್ದೇ ನಂಬರ್, ಅದರದ್ದೇ ಆರ್‌ಸಿ ಇರಬೇಕು. ಅದರಲ್ಲಿ ಎಷ್ಟು ತೂಕ ಹೇರಬಹುದು ಅಂತ ಬರೆದಿರುತ್ತದೆ. ದೊಡ್ಡ ಟ್ರ್ಯಾಕ್ಟರ್ ತಂದ ಮಾತ್ರಕ್ಕೆ ಆ ಸಂಖ್ಯೆ ಏರಲ್ಲ. 2019ರ ತಿದ್ದುಪಡಿ ಆದ ಮೇಲೆ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂಪಾಯಿ ದಂಡ ಇದೆ. ಮೂರು ಟನ್ ಹೆಚ್ಚಿದ್ದರೆ 26,000. ಹೆಚ್ಚಾದ ಸರಕು ಇಳಿಸುವ ಖರ್ಚೂ ಮಾಲೀಕನದ್ದೇ.

ವಿಮೆ ಪಾಲಿಸಿಯಲ್ಲಿ ಟ್ರ್ಯಾಕ್ಟರ್ ಜತೆ ಟ್ರೈಲರ್ ನಂಬರೂ ಇದೆಯಾ ನೋಡಿ. ಟ್ರ್ಯಾಕ್ಟರ್‌ಗೆ ಮಾತ್ರ ವಿಮೆ ಮಾಡಿಸಿ ಟ್ರೈಲರ್ ಬಿಟ್ಟರೆ ಅಪಘಾತದ ನಂತರ ವಿಮಾ ಕಂಪನಿಯವರು ತಕರಾರು ತೆಗೆಯುವುದು ಇಲ್ಲೇ. ಸ್ವಂತ ಬೆಳೆ ಸಾಗಿಸೋಕೆ ಅಂತ ವಿಮೆ ಮಾಡಿಸಿ ಬಾಡಿಗೆಗೆ ಜಲ್ಲಿ ಹೊಡೆಯುವುದೂ ಅಂಥದ್ದೇ. ಟ್ರ್ಯಾಕ್ಟರ್‌ನಲ್ಲಿ ಇರುವುದು ಚಾಲಕನ ಸೀಟು ಒಂದೇ. ಮಡ್‌ಗಾರ್ಡ್ ಮೇಲೆ ಕೂತ ಹುಡುಗನಿಗೆ, ಕಬ್ಬಿನ ಮೇಲೆ ಮಲಗಿ ಬರುವ ಕೂಲಿಯವರಿಗೆ ಪರಿಹಾರ ಕೊಡಿಸಬೇಕಾದ ದಿನ ಬಂದರೆ ಜಮೀನು ಮಾರಬೇಕಾಗುತ್ತದೆ.

ಲೈಸೆನ್ಸ್ ಬಗ್ಗೆ ಇದ್ದ ಗೊಂದಲ ಈಗ ಕಡಿಮೆಯಾಗಿದೆ. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವನು ಟ್ರೈಲರ್ ಕಟ್ಟಿದ ಕೂಡಲೇ ಲೈಸೆನ್ಸ್ ಇಲ್ಲದವನಾಗಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. 7,500 ಕೆ.ಜಿ ಒಳಗಿನ ಸರಕು ವಾಹನಗಳನ್ನು ಎಲ್‌ಎಂವಿ ಲೈಸೆನ್ಸ್‌ನಲ್ಲಿ ಓಡಿಸಬಹುದು ಎನ್ನುವುದನ್ನು 2024ರ ನವೆಂಬರ್ 6ರಂದು ಸಂವಿಧಾನ ಪೀಠ ಎತ್ತಿಹಿಡಿದಿದೆ. ಇದು ಲೈಸೆನ್ಸ್ ಇದ್ದವರ ಮಾತು. ಹೈಸ್ಕೂಲ್ ಹುಡುಗರ ಕೈಗೆ ಭರ್ತಿ ಟ್ರೈಲರ್ ಕೊಟ್ಟು ಕಳಿಸುವವರಿಗೆ ಯಾವ ತೀರ್ಪೂ ನೆರವಿಗೆ ಬರಲ್ಲ.

ಶ್ರೀರಂಗಪಟ್ಟಣ ದಾಟಿ ಹೋಗುವವರು ಗಮನಿಸಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ, ಟ್ರೈಲರ್ ಇರಲಿ ಬಿಡಲಿ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಬೈಕು, ಆಟೊ, ಶಾಲಾ ಮಕ್ಕಳು ಎಲ್ಲ ಇರುತ್ತಾರೆ, ಹೆಜ್ಜೆ ಹೆಜ್ಜೆಗೂ ನಿಲ್ಲಿಸಬೇಕು. ಅಲ್ಲೂ ಕೇಳುವುದು ಬ್ರೇಕನ್ನೇ.

ರಾತ್ರಿ ಹೊತ್ತಿನ ಮಾತು ಬೇರೆಯೇ ಇದೆ. ಕಬ್ಬು ಟ್ರೈಲರ್‌ನಿಂದ ಹಿಂದಕ್ಕೆ, ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ಹಿಂದಿನ ದೀಪ ಮುಚ್ಚಿಹೋಗಿರುತ್ತದೆ. ಪಂಚರ್ ಆಗಿ ರಸ್ತೆ ಬದಿ ನಿಂತ ಟ್ರೈಲರ್‌ಗೆ ಬೈಕ್ ಸವಾರರು ಬಂದು ಗುದ್ದುವುದು ಪ್ರತಿ ಹಂಗಾಮಿನ ಸುದ್ದಿ. ಹೊಳೆಯುವ ಕೆಂಪು ಸ್ಟಿಕ್ಕರ್ ಪಟ್ಟಿಯನ್ನು ಟ್ರೈಲರ್ ಚಾಸಿಗೆ ಹಚ್ಚಿದರೆ ಸಾಲದು, ಕಬ್ಬಿನ ತುದಿಗೆ ಕಟ್ಟುವಂತೆ ಬಟ್ಟೆಯ ಮೇಲೆ ಹೊಲಿಸಿಕೊಂಡ ಇನ್ನೊಂದು ಇಟ್ಟುಕೊಳ್ಳಬೇಕು. ಹುಕ್ಕಿನ ಪಿನ್ನಿಗೆ ಲಾಕ್, ಅದರ ಜತೆಗೊಂದು ಸೇಫ್ಟಿ ಚೈನ್ ಇರಲಿ. ಪಿನ್ ಬದಲು ಕಬ್ಬಿಣದ ಸರಳು ತುರುಕಿಕೊಂಡು ಓಡಾಡುವವರು ಇವತ್ತೂ ಸಿಗುತ್ತಾರೆ.

ಕೊನೆಗೆ ಡೆಮೊ ವಿಷಯ. ಕಂಪನಿಯವರು ಡೆಮೊ ಕೊಡುವಾಗ ಟ್ರ್ಯಾಕ್ಟರ್‌ಗೆ ಟ್ರೈಲರ್ ಕಟ್ಟಿ ಏರು ಹತ್ತಿಸಿ ತೋರಿಸುತ್ತಾರೆ, ಸುತ್ತ ನಿಂತವರು ಶಿಳ್ಳೆ ಹೊಡೆಯುತ್ತಾರೆ. ನಿಮ್ಮದೇ ಟ್ರೈಲರ್ ಕಟ್ಟಿಸಿ, ನೀವು ದಿನಾ ಹೇರುವಷ್ಟರಲ್ಲಿ ಅರ್ಧ ಮಾತ್ರ ಹೇರಿ, ಜನ ಇಲ್ಲದ ಚಿಕ್ಕ ಇಳಿಜಾರಿನಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸಿ ತೋರಿಸಿ ಅನ್ನಿ. ಬ್ರೇಕ್ ಒತ್ತಿದ ಜಾಗಕ್ಕೊಂದು ಕಲ್ಲು, ನಿಂತ ಜಾಗಕ್ಕೊಂದು ಕಲ್ಲು ಇಟ್ಟು ನಡುವಿನ ಹೆಜ್ಜೆ ಎಣಿಸಿ. ಎರಡು ಕಂಪನಿಯ ಟ್ರ್ಯಾಕ್ಟರ್‌ಗೂ ಅದೇ ಜಾಗದಲ್ಲಿ, ಅದೇ ಲೋಡಿನಲ್ಲಿ ಎಣಿಸಿ. ಆಮೇಲೆ ಎಚ್‌ಪಿ ಎಷ್ಟು ಅಂತ ಕೇಳಿ.